ಬೀಗರ ಮೀಟರು, ನಮ್ಮ ಟಿಫಿನ್ ಡಬ್ಬಿ

ಆಗ ನನಗೆ ಅರವತ್ತೇಳು. ಇದಾಗಿ ಮೂರು ವರ್ಷ. ಮಗಳ ಮದುವೆಯಾದ ಮೇಲೆ ಬಂದ ಮೊದಲನೇ ಆಷಾಢ ಅದು. ಹೊಸದಾಗಿ ಮದುವೆಯಾದ ಮಗಳು ಆಷಾಢದಲ್ಲಿ ತವರಿಗೆ ಬರಬೇಕು. ಕರೆಯಲು ಹೋಗುವ ಗಂಡು ದಿಕ್ಕು ನನ್ನ ಮನೆಯಲ್ಲಿಲ್ಲ, ಫೋನಿನಲ್ಲೇ ಕರೆದಿದ್ದೆ. ಹಲಸೂರಿನ ನನ್ನ ಒಂದೇ ಕೋಣೆಯಲ್ಲಿ ಮಂಚದ ಮೇಲಿನ ಸಾಮಾನೆಲ್ಲ ಇಳಿಸಿ ಅವಳಿಗೆ ಜಾಗ ಮಾಡಿ ಕೂತಿದ್ದೆ. ಮಗಳು ಬರಲಿಲ್ಲ. ಮಗಳ ಮಾವ ಬಂದರು.

ಅವರು ಹೊನ್ನಾವರದ ಕಡೆಯ ಮೀನುಗಾರರು. ಅವರ ಮಗ ಹಿಂದೆ ಐಸು ತುಂಬಿದ ಲಾರಿಯ ಜೊತೆ ಶಿವಾಜಿನಗರದ ಮೀನು ಮಾರ್ಕೆಟ್ಟಿಗೆ ಬರುತ್ತಿದ್ದ. ಮಗಳು ಅಲ್ಲೇ ಪಕ್ಕದ ಬೀದಿಯ ಬಟ್ಟೆ ಅಂಗಡಿಯಲ್ಲಿ ಕೆಲಸಕ್ಕಿದ್ದಳು. ಇಬ್ಬರೂ ಒಪ್ಪಿಕೊಂಡು ಬಂದು ನಿಂತರು. ಯಾದಗಿರಿಯ ಬಿಸಿಲಲ್ಲಿ ಹುಟ್ಟಿದವಳ ಮಗಳು ಸಮುದ್ರದ ದಂಡೆಗೆ ಹೋಗುತ್ತಾಳೆ ಅಂದರೆ ಹೋಗಲಿ ಅಂದೆ. ತಡವಾಗಿ ಹುಟ್ಟಿದ ಒಬ್ಬಳೇ ಮಗಳು. ಬೇಡ ಅಂದರೆ ಯಾರ ಮುಖ ನೋಡಿಕೊಂಡು ಇರಲಿ?

ಬೀಗರ ಕೈಯಲ್ಲಿ ಹೂವಿಲ್ಲ, ಹಣ್ಣಿಲ್ಲ. ಒಂದು ಪ್ಲಾಸ್ಟಿಕ್ ಮೀನಿನ ಕ್ರೇಟು ತಂದು ಕೋಣೆಯ ನಡುವೆ ಇಟ್ಟರು. ಕೋಣೆಯೆಲ್ಲ ನಾರಿತು. ಒಳಗೆ ಹಳೆಯ ಲುಂಗಿಯಲ್ಲಿ ಸುತ್ತಿದ ಒಂದು ಮೀಟರು, ಮತ್ತೆ ತಂತಿಯ ಸಮೇತ ಕಿತ್ತ ಒಂದು ದಪ್ಪ ಬಿಲ್ಲೆ. ಮಗಳು ಯಾಕೆ ಬರಲಿಲ್ಲ ಎಂದು ಕೇಳಿದರೆ ತಮ್ಮ ಕಡೆ ಆ ಪದ್ಧತಿ ಇಲ್ಲ ಎಂದರು. ಹೆಣ್ಣಿನ ಮನೆಗೆ ಕೆಲಸ ಹೊತ್ತುಕೊಂಡು ಬರುವ ಪದ್ಧತಿ ಮಾತ್ರ ಇದೆ ಅಂತ ಕಾಣುತ್ತದೆ. ಬೀಗರಿಗೆ ಎದುರು ಮಾತಾಡಬಾರದು. ಕಾಲಿಗೆ ನೀರು ಕೊಟ್ಟು ಚಹಾ ಇಟ್ಟೆ.

ವಿಷಯ ಇಷ್ಟು. ಅದು ನೀರಿನ ಆಳ ಹೇಳುವ ಮೀಟರು. ದೋಣಿಯ ತಳದಲ್ಲಿ ಕೂರಿಸಿದ ಬಿಲ್ಲೆ ನೀರಿಗೆ ಸದ್ದು ಬಿಡುತ್ತದೆ, ಆ ಸದ್ದು ನೆಲಕ್ಕೆ ತಾಗಿ ವಾಪಸು ಬರುವ ಹೊತ್ತನ್ನು ಎಣಿಸಿ ಮೀಟರು ಆಳ ತೋರಿಸುತ್ತದೆ. ಬಿಲ್ಲೆ ಚೆನ್ನಾಗಿದೆ, ಒಳಗಿನ ಯಂತ್ರವೂ ಚೆನ್ನಾಗಿದೆ, ಆದರೆ ಉಪ್ಪುಗಾಳಿಗೂ ಬಿಸಿಲಿಗೂ ಮೀಟರಿನ ಮುಖ ಕೊಳೆತಿತ್ತು. ಅಂಕಿಯ ಗೀಟುಗಳು ಅಲ್ಲಲ್ಲಿ ಹಾರಿಹೋಗಿದ್ದವು. ಎಂಟು ಒಂದು ದಿನ ಸೊನ್ನೆಯ ಹಾಗೆ ಕಂಡರೆ ಇನ್ನೊಂದು ದಿನ ಮೂರರ ಹಾಗೆ. ನಡು ಸಮುದ್ರದಲ್ಲಾದರೆ ಅದರಿಂದ ಏನೂ ಆಗುವುದಿಲ್ಲ. ಅಳಿವೆಯಲ್ಲಿ ಆಗುತ್ತದೆ. ಅಳಿವೆ ಅಂದರೆ ಹೊಳೆ ಸಮುದ್ರಕ್ಕೆ ಬೀಳುವ ಬಾಯಿ. ಅಲ್ಲಿ ನೀರಿನ ಕೆಳಗೆ ಮರಳಿನ ದಿಬ್ಬ, ಮಳೆಗಾಲ ಮುಗಿಯುವಷ್ಟರಲ್ಲಿ ಅದು ಮಗ್ಗುಲು ಬದಲಿಸಿರುತ್ತದೆ. ದಿಬ್ಬ ಹತ್ತಿದ ದೋಣಿಯನ್ನು ಹಿಂದಿನ ಅಲೆ ಮಗುಚುತ್ತದೆ. ಮಳೆಗಾಲದ ಮೀನುಗಾರಿಕೆಯ ಬಂದ್ ಮುಗಿದು ಶ್ರಾವಣದ ಹೊತ್ತಿಗೆ ದೋಣಿಗಳೆಲ್ಲ ಹೊರಡುತ್ತವೆ. ಆ ದೋಣಿಯ ಚುಕ್ಕಾಣಿ ಹಿಡಿಯುವವನು ನನ್ನ ಅಳಿಯ.

ಇಷ್ಟು ಕೇಳಿದ ಮೇಲೆ ಕ್ರೇಟಿನ ನಾತ ನನಗೆ ಅಷ್ಟಾಗಿ ಬಡಿಯಲಿಲ್ಲ.

ಮೊದಲು ಇಂದಿರಾನಗರಕ್ಕೆ ಹೋದೆವು. ಬೆಂಗಳೂರಿಗೆ ಸಮುದ್ರ ಎಲ್ಲಿದೆ? ಆದರೂ ಸಮುದ್ರದ ಸಾಮಾನು ಮಾರುವ ಆಫೀಸು ಅಲ್ಲಿದೆ, ಕೆಳಗೆ ಕಾಫಿ ಅಂಗಡಿ, ಮೇಲೆ ಗಾಜಿನ ಬಾಗಿಲು. ಹೊನ್ನಾವರದಲ್ಲಿ ಇಡಬೇಕಾದದ್ದನ್ನು ಇಲ್ಲಿ ಎಸಿ ಹಾಕಿ ಇಟ್ಟಿದ್ದಾರೆ. ಒಬ್ಬ ಬಂದ. ಬೀಗರ ಜೊತೆ ಇಂಗ್ಲಿಷು, ನನ್ನ ಜೊತೆ ಹಿಂದಿ. ನಾವಿಬ್ಬರೂ ಕನ್ನಡದಲ್ಲಿ ಉತ್ತರ ಕೊಡುತ್ತಲೇ ಇದ್ದೆವು, ಅವನ ಕಿವಿಗೆ ಅದು ಬೀಳಲೇ ಇಲ್ಲ. ಮೀಟರನ್ನು ಕೈಯಲ್ಲಿ ಮುಟ್ಟಲಿಲ್ಲ. ಸತ್ತ ಇಲಿಯನ್ನು ಹೊರಳಿಸುವ ಹಾಗೆ ಪೆನ್ನಿನ ತುದಿಯಿಂದ ಹೊರಳಿಸಿ, ಇದಕ್ಕೆ ಸಪೋರ್ಟ್ ನಿಂತುಹೋಗಿದೆ ಎಂದ. ಎಲ್ಲ ಹೊಸದು ಹಾಕಬೇಕಂತೆ. ದೋಣಿ ದಡಕ್ಕೆ ಎಳೆದು, ತಳ ಕೊರೆದು, ಹೊಸ ಬಿಲ್ಲೆ ಕೂರಿಸಬೇಕಂತೆ. ಮಳೆಗಾಲದಲ್ಲಿ ತಳ ಕೊರೆದರೆ ಮರ ಒಣಗುವುದು ಯಾವಾಗ ಎಂದು ಬೀಗರು ಕೇಳಿದರು. ಅದು ನಮ್ಮ ಡಿಪಾರ್ಟ್‌ಮೆಂಟ್ ಅಲ್ಲ ಎಂದ.

ಮೀಟರಿನ ಹಿಂದೆ ಬಾಲದ ಹಾಗೆ ತಂತಿಗಳಿದ್ದವು. ಅದರಲ್ಲಿ ಆಳದ ಲೆಕ್ಕ ಹೊರಗೆ ಬರುತ್ತದೆಯೇ ಎಂದು ನಾನು ಕೇಳಿದೆ. ಬರುತ್ತದೆ, ಆದರೆ ಅದು ಹಳೆಯ ಕಾಲದ ಮಾತು, ಹೊಸ ಸ್ಕ್ರೀನಿಗೆ ತಿಳಿಯುವುದಿಲ್ಲ, ನಡುವೆ ಒಂದು ಪೆಟ್ಟಿಗೆ ಬೇಕು ಎಂದ. ಆ ಪೆಟ್ಟಿಗೆ ಹೊರದೇಶದಿಂದ ಬರಬೇಕು, ಈಗ ಹೇಳಿದರೆ ದೀಪಾವಳಿಗೆ ಬರಬಹುದು ಎಂದು ನಕ್ಕ. ಆ ಮೀಟರಿಗೆ ನನ್ನ ಅರ್ಧ ವಯಸ್ಸೂ ಇಲ್ಲ. ಅದಕ್ಕೆ ಸಪೋರ್ಟ್ ನಿಂತಿದೆ ಅಂತ ಯಾರು ತೀರ್ಮಾನ ಮಾಡಿದರು, ಅವರ ಅಳಿಯ ಯಾವ ಅಳಿವೆ ದಾಟುತ್ತಾನೆ? ಹೊರಗೆ ಬಂದು ಬಸ್ಸು ಹತ್ತಿಸಿ ಬೀಗರನ್ನು ಶಿವಾಜಿನಗರಕ್ಕೆ ಕರೆದುಕೊಂಡು ಹೋದೆ.

ನನ್ನ ಅನ್ನ ಇರುವುದು ಅಲ್ಲಿ. ಹಿಂದೆ ಕೆ.ಆರ್. ಪುರದ ಶೆಡ್ಡುಗಳಲ್ಲಿ ಟೆಲಿಫೋನಿನ ಬೋರ್ಡಿಗೆ ಬೆಸುಗೆ ಹಾಕುತ್ತಿದ್ದೆ. ಶೆಡ್ಡುಗಳು ಮುಚ್ಚಿದ ಮೇಲೆ ಶಿವಾಜಿನಗರದ ಒಂದು ಗಲ್ಲಿಯಲ್ಲಿ, ಮೆಟ್ಟಿಲು ಹತ್ತಿ ಹೋಗುವ ರಿಪೇರಿ ಅಂಗಡಿಗೆ ಸೇರಿದೆ. ಅಂಗಡಿಯವರು ನನಗಿಂತ ಸ್ವಲ್ಪ ಚಿಕ್ಕವರು. ನಾನು ಭಾಯ್ ಅನ್ನುತ್ತೇನೆ, ಅವರು ಆಪಾ, ಅಂದರೆ ಅಕ್ಕ, ಅನ್ನುತ್ತಾರೆ. ಮಸೀದಿಯ ಮೈಕು, ದೇವಸ್ಥಾನದ ಮೈಕು, ಚರ್ಚಿನ ಮೈಕು, ಯುಪಿಎಸ್ಸು, ಆಟೋ ಮೀಟರು, ಎಲ್ಲ ಆ ಮೇಜಿನ ಮೇಲೆ ಒಟ್ಟಿಗೆ ಬಿದ್ದಿರುತ್ತವೆ. ದೋಣಿಯ ಮೀಟರು ಮಾತ್ರ ಅದುವರೆಗೆ ಬಂದಿರಲಿಲ್ಲ.

ಭಾಯ್ ಅದನ್ನು ಕೈಯಲ್ಲೇ ಎತ್ತಿಕೊಂಡರು. ಕರೆಂಟು ಕೊಟ್ಟು, ಹಿಂದಿನ ತಂತಿಯನ್ನು ತಮ್ಮ ಲ್ಯಾಪ್‌ಟಾಪಿಗೆ ಸೇರಿಸಿ ಸ್ವಲ್ಪ ಹೊತ್ತು ನೋಡಿದರು. "ಆಪಾ, ಇದಕ್ಕೆ ಕಣ್ಣು ಹೋಗಿದೆ, ಬಾಯಿ ಹೋಗಿಲ್ಲ" ಎಂದರು.

ಅವರು ತೋರಿಸಿದ್ದು ನನಗೂ ತಿಳಿಯಿತು. ಮೀಟರು ಆ ತಂತಿಯಲ್ಲಿ ಒಂದೇ ವಾಕ್ಯವನ್ನು ಬಿಡದೆ ಹೇಳುತ್ತಿತ್ತು: ನಾನು ಇಂಥ ಮೀಟರು, ಆಳ ಇಷ್ಟು. ಮತ್ತೆ ಅದೇ. ಹತ್ತುವವರು ಇರಲಿ ಬಿಡಲಿ, ಸ್ಟಾಪು ಕೂಗಿಕೊಂಡೇ ಹೋಗುವ ಕಂಡಕ್ಟರಿನ ಹಾಗೆ. ಅದನ್ನು ಕೇಳಿಸಿಕೊಂಡು ವೈಫೈ ಮೂಲಕ ಒಂದು ಮೊಬೈಲಿಗೆ ಮುಟ್ಟಿಸಿದರೆ ಸಾಕು, ಮೊಬೈಲಿನ ಮುಖ ಕೊಳೆತಿಲ್ಲವಲ್ಲ.

ಎಸ್.ಪಿ. ರೋಡಿನಿಂದ ಬೆಂಕಿಪೊಟ್ಟಣದಷ್ಟು ದೊಡ್ಡ ಬೋರ್ಡು ತಂದೆವು. ಅದರೊಳಗೆ ತುಂಬುವ ಲೆಕ್ಕಾಚಾರ ಭಾಯ್ ಕೆಲಸ, ಬೆಸುಗೆ ನನ್ನ ಕೆಲಸ. ದೋಣಿಯ ಬ್ಯಾಟರಿ ಎಂಜಿನ್ ಹಾಕಿದಾಗ ಒದೆಯುತ್ತದೆ, ಆ ಒದೆತ ಬೋರ್ಡಿಗೆ ತಾಗಬಾರದು. ಅದಕ್ಕೆ ನಡುವೆ ಒಂದು ಕರಿಯ ಚಿಪ್ಪು ಹಾಕಿದೆ. ಅದರೊಳಗೆ ಈ ಕಡೆ ಒಂದು ಸಣ್ಣ ದೀಪ, ಆ ಕಡೆ ಒಂದು ಕಣ್ಣು. ದೀಪ ಮಿಣುಕಿದ್ದನ್ನು ಕಣ್ಣು ನೋಡಿ ಆಚೆಗೆ ಹೇಳುತ್ತದೆ, ತಂತಿಗೆ ತಂತಿ ತಾಗುವುದಿಲ್ಲ. ನಮ್ಮೂರಲ್ಲಿ ಸೊಸೆ ಮಾವನ ಜೊತೆ ಮಾತಾಡುವುದು ಹೀಗೇ, ಬಾಗಿಲ ಸಂದಿಯಿಂದ, ಗೋಡೆಗೆ ಹೇಳಿದ ಹಾಗೆ. ಬೀಗರಿಗೆ ಇದನ್ನು ಹೇಳಿದೆ. ನಗಲಿಲ್ಲ.

ಡಬ್ಬಿಯದೇ ದೊಡ್ಡ ರಗಳೆ ಆಯಿತು. ನೀರು ಹೋಗದ ಡಬ್ಬಿ ಬೇಕು, ಅಗ್ಗದ್ದೂ ಆಗಿರಬೇಕು. ನಾಲ್ಕು ಕಡೆ ಕೊಂಡಿ ಹಾಕುವ, ಮುಚ್ಚಳದ ಒಳಗೆ ರಬ್ಬರ್ ಉಂಗುರ ಇರುವ ಟಿಫಿನ್ ಡಬ್ಬಿಗಿಂತ ಒಳ್ಳೆಯದು ಏನಿದೆ? ಪಕ್ಕದಲ್ಲಿ ತೂತು ಕೊರೆದು, ತಂತಿಗೆ ಸೈಕಲ್ ಟ್ಯೂಬು ಸುತ್ತಿ, ಅಂಟು ಮೆತ್ತಿದೆ. ಮುಚ್ಚಳಕ್ಕೆ ಮಾತ್ರ ಅಂಟು ಹಾಕಲಿಲ್ಲ. ಕೆಟ್ಟರೆ ತೆರೆಯಲು ಬರಬೇಕು. ಬೀಗರು ಸ್ಟೂಲಿನ ಮೇಲೆ ಕೂತು ಎಲ್ಲ ನೋಡುತ್ತಿದ್ದರು.

"ಕೇರಿಯವರು ಕೇಳಿದ್ರೆ ಎಂತ ಹೇಳೂದು ಬೀಗಿತಿ? ಹೆಣ್ಣಿನ ಕಡೆಯವರು ಬುತ್ತಿ ಕಟ್ಟಿ ಕಳಿಸಿದ್ರು ಅಂತ ಹೇಳೂದಾ?"

"ಹಂಗೇ ಹೇಳ್ರಿ. ಮದುವ್ಯಾಗ ಕಟ್ಟಿಕೊಟ್ಟಿದ್ದು ಸಾಲದು ಅಂತ ನೀವೇ ಅಂದಿದ್ರಲ್ಲ" ಎಂದೆ.

ಭಾಯ್ ತಲೆ ಎತ್ತದೆ ನಕ್ಕರು. ಬೀಗರು ಮೆಟ್ಟಿಲಿಳಿದು ಬೀಡಿ ಸೇದಲು ಹೋದರು.

ಇನ್ನು ಪರೀಕ್ಷೆ ಮಾಡಬೇಕಿತ್ತು. ದೋಣಿಯ ಬಿಲ್ಲೆ ದೋಣಿಯಲ್ಲೇ ಇದೆ. ಬೀಗರು ತಂದಿದ್ದ ಬಿಲ್ಲೆ ಅವರ ತಮ್ಮನ ಒಡೆದುಹಾಕಿದ ದೋಣಿಯದು, ಅದೇ ಜಾತಿಯದು. ಅದನ್ನು ನೀರಿಗೆ ಇಳಿಸಿ ನೋಡಬೇಕು. ಮನೆಯ ಸಂಪಿನಲ್ಲಿ ಆಳ ಸಾಲದು. ಹಲಸೂರು ಕೆರೆಯಲ್ಲಿ ಕಳೆ ತೆಗೆಯುವ ತೆಪ್ಪ ನಡೆಸುವವನು ನಮ್ಮ ಸುರಪುರ ಕಡೆಯವನು. ಸೂಪರ್‌ವೈಸರ್ ಬರುವುದರೊಳಗೆ ಒಂದು ಸುತ್ತು ಹಾಕಿಸುತ್ತೇನೆ ಎಂದ. ಭಾಯ್ ಮತ್ತು ಬೀಗರು ಹತ್ತಿದರು. ನಾನು ಹತ್ತಲಿಲ್ಲ. ನನಗೆ ಕೊಡದೊಳಗಿನ ನೀರು ಸಾಕು, ಕೆರೆಯ ನೀರಿನ ಮೇಲೆ ಕೂರುವ ಶೋಕಿ ಇಲ್ಲ. ದಂಡೆಯ ಕಲ್ಲಿನ ಮೇಲೆ ಕೂತು ನೋಡಿದೆ.

ಭಾಯ್ ಒಂದು ಹಗ್ಗಕ್ಕೆ ಅಳತೆಪಟ್ಟಿ ಹಿಡಿದು ಒಂದೊಂದು ಮೀಟರ್ ಉದ್ದಕ್ಕೆ ಒಂದು ಗಂಟು ಹಾಕಿ, ತುದಿಗೆ ಕಲ್ಲು ಕಟ್ಟಿ ಒಯ್ದಿದ್ದರು. ತೆಪ್ಪ ನಿಂತಲ್ಲೆಲ್ಲ ಬಿಲ್ಲೆಯನ್ನು ನೀರಿಗೆ ತಾಗಿಸುವುದು, ಕಲ್ಲು ಇಳಿಸುವುದು. ಹಗ್ಗ ನಾಲ್ಕು ಗಂಟು ಅಂದರೆ ಮೊಬೈಲೂ ನಾಲ್ಕು. ಮುಂದೆ ಹೋದರೆ ಹಗ್ಗ ಮೂರು, ಮೊಬೈಲೂ ಮೂರು. ಭಾಯ್ ದಂಡೆಯ ಕಡೆ ತಿರುಗಿ ಅಂಕಿಗಳನ್ನು ಕೂಗುತ್ತಿದ್ದರು, ನಾನು ಕೈ ಎತ್ತುತ್ತಿದ್ದೆ. ನಿಜ ಹೇಳಬೇಕೆಂದರೆ ನನಗೆ ಖುಷಿಯಾಗಿತ್ತು. ಆ ಪೆನ್ನಿನ ತುದಿಯವನನ್ನು ಕರೆಸಿ ಆ ಕಲ್ಲಿನ ಮೇಲೆ ಕೂರಿಸಬೇಕಿತ್ತು ಅನಿಸಿತ್ತು.

ಹಳೆಯ ಮೀಟರು ಬೀಗರ ತೊಡೆಯ ಮೇಲಿತ್ತು. ಅದು ನಡೆಯುತ್ತಿದ್ದರೇ ಡಬ್ಬಿಗೆ ಮಾತು ಬರುವುದು. ಅದರಲ್ಲಿ ಎಷ್ಟು ಕಾಣುತ್ತಿದೆ ಎಂದು ಭಾಯ್ ಕೇಳಿದರಂತೆ. ಕಣ್ಣಿಲ್ಲದ್ದು ಎಂತ ತೋರಿಸ್ತದೆ ಎಂದು ಹೇಳಿ ಬೀಗರು ಅದರ ಮೇಲೆ ಟವಲು ಮುಚ್ಚಿದರಂತೆ. ದಂಡೆಗೆ ಬಂದ ಮೇಲೂ ಒಳ್ಳೆಯದಾಯಿತು ಅನ್ನಲಿಲ್ಲ, ಕೆಟ್ಟದಾಯಿತು ಅನ್ನಲಿಲ್ಲ. ಆ ದಿನ ಸಂಜೆಯ ಬಸ್ಸಿಗೇ ಹೊರಡುತ್ತೇನೆ ಎಂದರು. ಗಂಡಿನ ಕಡೆಯವರಿಗೆ ಬಾಯಲ್ಲಿ ಒಂದು ಒಳ್ಳೆಯ ಮಾತು ಬರುವುದು ಕಷ್ಟ ಅಂದುಕೊಂಡೆ.

ಮನೆಗೆ ಬಂದು ಮೀಟರಿನ ಮುಖಕ್ಕೆ ಕರಿ ಟೇಪು ಅಂಟಿಸಿದೆ. ಇದು ನಾನು ಶೆಡ್ಡಿನಲ್ಲಿ ಕಲಿತದ್ದು. ಸುಳ್ಳು ಹೇಳುವ ಮುಳ್ಳನ್ನು ಮುಚ್ಚಿಬಿಡಬೇಕು, ಇಲ್ಲದಿದ್ದರೆ ಯಾರೋ ಒಬ್ಬರು ಅದನ್ನೇ ನಂಬಿ ಕೆಲಸ ಕೆಡಿಸುತ್ತಾರೆ. ಅಳಿಯ ಮೊಬೈಲು ನೋಡಲಿ, ಕೊಳೆತ ಅಂಕಿಯ ಕಡೆ ಅವನ ಕಣ್ಣು ಹೋಗುವುದೇ ಬೇಡ. ಡಬ್ಬಿ, ಮೀಟರು ಎರಡನ್ನೂ ಬಟ್ಟೆಯಲ್ಲಿ ಸುತ್ತಿ ಕ್ರೇಟಿನಲ್ಲಿಟ್ಟು ಬೀಗರಿಗೆ ಜೋಳದ ರೊಟ್ಟಿ, ಎಣ್ಣೆಗಾಯಿ ಬಡಿಸಿದೆ. ಉಂಡರು. ನಾನು ಒಲೆಯ ಕಡೆ ತಿರುಗಿ ಬುತ್ತಿಗೆ ರೊಟ್ಟಿ ಬೇಯಿಸುತ್ತಿದ್ದೆ. ಹಿಂದೆ ಪರಪರ ಸದ್ದು. ತಿರುಗಿ ನೋಡಿದರೆ ಬೀಗರು ಮೀಟರನ್ನು ತೊಡೆಯ ಮೇಲಿಟ್ಟುಕೊಂಡು ಉಗುರಿನಿಂದ ಟೇಪು ಕೀಳುತ್ತಿದ್ದಾರೆ.

"ಅದ್ಯಾಕ್ರೀ ಬೀಗ್ರೇ ಕೀಳ್ತೀರಿ?"

"ಇರ್ಲಿ ಅಂತ."

"ಕಣ್ಣಿಲ್ಲದ್ದು ಅಂತ ನೀವೇ ಅಂದ್ರಿ."

"ಇರ್ಲಿ ಬೀಗಿತಿ. ಹಳೇದು. ನಿಮ್ಮದೂ ನೋಡೂದು, ಇದನ್ನೂ ನೋಡೂದು."

"ಎರಡೂ ಬೇರೆ ಬೇರೆ ಹೇಳಿದ್ರ ನನ್ನ ಅಳಿಯ ಯಾವುದನ್ನ ನಂಬಬೇಕು?"

ಅವರು ಉಳಿದ ಟೇಪಿಗೆ ಉಗುರು ಹಾಕಿದರು. ರೊಟ್ಟಿ ಹಂಚಿನ ಮೇಲೆ ಸೀಯುತ್ತಿತ್ತು. ನಾನು ತೆಗೆಯಲಿಲ್ಲ. ಬೀಗರ ಮರ್ಯಾದೆ ಅಂತ ಬಂದ ದಿನದಿಂದ ನುಂಗಿಕೊಂಡದ್ದೆಲ್ಲ ಗಂಟಲಿಗೆ ಬಂದಿತ್ತು. ನಾವು ಕೈಯಾರೆ ಮಾಡಿಕೊಟ್ಟದ್ದರ ಮೇಲೆ ನಂಬಿಕೆ ಇಲ್ಲದಿದ್ದರೆ ಆ ಗಾಜಿನ ಬಾಗಿಲಿನವನ ಹತ್ತಿರವೇ ಹೋಗಿ ದೀಪಾವಳಿವರೆಗೆ ಕಾಯಿರಿ ಎಂದೆ. ಹೆಣ್ಣು ಕೊಟ್ಟವರು ಕೊಟ್ಟದ್ದೆಲ್ಲ ಕಡಿಮೆಯೇ, ಡಬ್ಬಿಯೂ ಕಡಿಮೆಯೇ ಎಂದೆ. ಇನ್ನೂ ಏನೇನೋ ಅಂದೆ. ಅವರು ಟೇಪಿನ ಚೂರನ್ನು ಬೆರಳಲ್ಲಿ ಉಂಡೆ ಮಾಡುತ್ತ ಕೇಳಿಸಿಕೊಂಡರು. ಕೊನೆಗೆ ನೆಲ ನೋಡುತ್ತ ಹೇಳಿದರು.

"ಡಬ್ಬಿ ಒಂದು ಹೆಚ್ಚಿಗೆ ಹೇಳ್ತದೆ. ಕೆರೆಯಲ್ಲಿ ಎಲ್ಲ ಕಡೆನೂ. ನಮ್ಮ ಮೀಟರು ಮೂರು ಅಂದಲ್ಲಿ ಅದು ನಾಲ್ಕು ಅಂತು. ಎರಡು ಅಂದಲ್ಲಿ ಮೂರು ಅಂತು."

"ಹಗ್ಗನೂ ನಾಲ್ಕು ಅಂತಲ್ಲ. ನಿಮ್ಮ ಮೀಟರು ಕೊಳೆತದ್ದು."

"ಕೊಳೆತರೆ ಗೀಟು ಹೋಗ್ತದೆ. ಎಲ್ಲ ಕಡೆ ಒಂದೇ ನಮೂನೆ ಒಂದು ಕಮ್ಮಿ ಹೇಳೂದಿಲ್ಲ. ಮತ್ತೆ, ಹಗ್ಗಕ್ಕೆ ಅಳಿವೆ ಗೊತ್ತಿಲ್ಲ. ನಮ್ಮ ಗುರುತೆಲ್ಲ ಈ ಮೀಟರಿನ ಅಂಕಿದು."

ನಾನು ಒಲೆ ಆರಿಸಿ ಎದುರು ಕೂತೆ. ಅವರು ಹೇಳಿದ್ದು ಇದು. ಅವರ ಕಡೆ ಪ್ರತಿ ದೋಣಿಯವರಿಗೂ ಅಳಿವೆಯ ಗುರುತು ಎಂದು ಒಂದು ಅಂಕಿ ಇರುತ್ತದೆ. ಮೀಟರು ಅದಕ್ಕೆ ಇಳಿಯಿತೋ, ಮುಂದೆ ಹೋಗಬಾರದು, ದೋಣಿ ಹಿಂದಕ್ಕೆ ತಿರುಗಿಸಬೇಕು. ಆ ಅಂಕಿ ಅಪ್ಪ ಮಗನಿಗೆ ಹೇಳಬೇಕು, ಬೇರೆಯವರ ಮುಂದೆ ಬಾಯಿ ಬಿಡಬಾರದು, ಹೆಂಗಸರ ಮುಂದಂತೂ ಬಿಡಲೇಬಾರದು. ಬಿಟ್ಟರೆ ಗುರುತು ಕೆಡುತ್ತದಂತೆ. ಕೆರೆಯ ಮೇಲೆ ಭಾಯ್ ಅಂಕಿ ಕೇಳಿದಾಗ ಟವಲು ಮುಚ್ಚಿದ್ದು ಅದಕ್ಕೆ.

ಈಗ ಲೆಕ್ಕ ಹಾಕಿ. ಮೀಟರು ಎರಡು ಅಂದಾಗ ತಿರುಗಬೇಕು ಅಂತ ಇಟ್ಟುಕೊಳ್ಳಿ. ಅಳಿಯ ಡಬ್ಬಿ ನೋಡಿಕೊಂಡು ಹೋಗುತ್ತಾನೆ. ಡಬ್ಬಿ ಎರಡು ಅನ್ನುವ ಹೊತ್ತಿಗೆ ಹಳೆಯ ಮೀಟರಿನ ಲೆಕ್ಕಕ್ಕೆ ಉಳಿದಿರುವುದು ಒಂದು. ತಿರುಗಲು ನೀರಿಲ್ಲ. ನಾನು ಬೆಸುಗೆ ಹಾಕಿ, ರಬ್ಬರ್ ಸುತ್ತಿ, ಖುಷಿಯಲ್ಲಿ ಕೈ ಎತ್ತಿ ಕಳಿಸುತ್ತಿದ್ದದ್ದು ಅದನ್ನು. ಅದರ ಮೇಲೆ, ನಿಜ ಹೇಳಬಲ್ಲ ಒಂದೇ ಮುಖಕ್ಕೆ ಟೇಪು ಹಚ್ಚಿ.

"ಕೆರೆಯಲ್ಲೇ ಯಾಕ ಹೇಳ್ಲಿಲ್ಲ?" ಎಂದೆ.

"ಹೆಣ್ಣಿನ ಕಡೆಯವರು ಪುಕ್ಕಟೆ ಮಾಡಿ ಕೊಟ್ಟದ್ದು. ಅದಕ್ಕೆ ಹೆಸರಿಡೂದಾ? ಅದೂ ಆ ಸಾಬರ ಎದುರಿಗೆ. ನಮಗೂ ಮರ್ಯಾದೆ ಉಂಟು."

ಇಷ್ಟು ದಿನ ಬದುಕಿದ್ದೇನೆ, ಇಂಥ ಮಾತು ಕೇಳಿಲ್ಲ. ಮದುವೆಯಲ್ಲಿ ಪಾಯಸಕ್ಕೆ ಹೆಸರಿಟ್ಟರು, ಸೀರೆಗೆ ಹೆಸರಿಟ್ಟರು, ನಮ್ಮ ಓಲಗದವರಿಗೆ ಹೆಸರಿಟ್ಟರು. ಹೆಸರಿಡಲೇಬೇಕಾದ ಒಂದು ವಸ್ತು ಬಂದಾಗ ಇವರಿಗೆ ಮರ್ಯಾದೆ ಅಡ್ಡ ಬಂತು. ಮಗನ ಪ್ರಾಣಕ್ಕಿಂತ ಬೀಗರ ಮುಂದಿನ ಮರ್ಯಾದೆ ದೊಡ್ಡದು. ಇಂದಿರಾನಗರದವನು ಮೀಟರು ಮುಟ್ಟಲಿಲ್ಲ ಅಂತ ನಾನು ಉರಿದುಕೊಂಡಿದ್ದೆ. ಅವನು ಹೊರಗಿನವನು, ಅವನಿಗೆ ನಾವು ಯಾರು? ಇವರು ನನ್ನ ಮಗಳನ್ನು ಮನೆ ತುಂಬಿಸಿಕೊಂಡವರು. ಅವಳ ಗಂಡ ದಿನಾ ದಾಟುವ ಬಾಯಿಯ ಅಂಕಿ ಅವಳ ತಾಯಿಗೆ ಹೇಳಬಾರದು, ಅವಳಿಗೂ ಹೇಳಬಾರದು. ಆದರೆ ದೋಣಿ ಮಗುಚಿದರೆ ದಂಡೆಯಲ್ಲಿ ನಿಂತು ಬಾಯಿ ಬಡಿದುಕೊಳ್ಳಬೇಕಾದವರು ಯಾರು? ಗುರುತು ಇಟ್ಟುಕೊಂಡ ಅಪ್ಪನಲ್ಲ, ಗುರುತು ಗೊತ್ತಿಲ್ಲದ ಹೆಂಗಸರು. ಇದನ್ನೆಲ್ಲ ನಾನು ಅವರ ಮುಖಕ್ಕೇ ಹೇಳಿದೆ. ಬೀಗರಿಗೆ ಎದುರು ಮಾತಾಡಬಾರದು ಅನ್ನುವುದು ಅಲ್ಲಿಗೆ ಮುಗಿಯಿತು.

ಅವರು ಬಸ್ಸಿಗೆ ಕಟ್ಟಿದ್ದ ಗಂಟು ಬಿಚ್ಚಿ ಕ್ರೇಟು ಎತ್ತಿಕೊಂಡರು. ಇಬ್ಬರೂ ಆಟೋ ಹಿಡಿದು ಅಂಗಡಿಗೆ ಹೋದೆವು. ಭಾಯ್ ಆಗಷ್ಟೇ ಅರ್ಧ ಶಟರ್ ಎಳೆದಿದ್ದರು.

ಕೇಳಿ ಭಾಯ್ ತಲೆಗೆ ಕೈ ಹಚ್ಚಿದರು. ಲ್ಯಾಪ್‌ಟಾಪಿನಲ್ಲಿ ಅದೇನೋ ಹುಡುಕಿ ಓದಿದರು. ಆಮೇಲೆ ನಮಗೆ ಹೇಳಿದ್ದು ಹೀಗೆ. ಬಿಲ್ಲೆ ಇರುವುದು ದೋಣಿಯ ತಳದ ಒಂದು ಪಕ್ಕೆಯಲ್ಲಿ, ಅದರ ಕೆಳಗೂ ದೋಣಿಯ ಬೆನ್ನುಮರ, ಅಂದರೆ ತಳದ ನಡುವಿನ ಉದ್ದ ದಿಮ್ಮಿ, ಇಳಿದಿರುತ್ತದೆ. ಆದ್ದರಿಂದ ಮೀಟರು ಕೂರಿಸಿದವರು ಆ ಬೆನ್ನುಮರದಷ್ಟನ್ನು ಕಳೆದು ತೋರಿಸು ಎಂದು ಅದಕ್ಕೆ ಹೇಳಿ ಇಟ್ಟಿದ್ದಾರೆ. ಮೀಟರು ಮುಖದ ಮೇಲೆ ಕಳೆದು ತೋರಿಸುತ್ತದೆ. ಹಿಂದಿನ ತಂತಿಯಲ್ಲಿ ಕಳೆಯದೆ ಕಳಿಸುತ್ತದೆ.

"ಚೀಲದ ತೂಕ ಕಳೆಯೋದು ಅಂಗಡಿಯವನ ಬಾಯಲ್ಲಿ, ತಕ್ಕಡಿಯಲ್ಲಿ ಅಲ್ಲ ಆಪಾ. ನಾವು ತಕ್ಕಡಿಗೆ ಕಿವಿ ಕೊಟ್ವಿ" ಎಂದರು.

ಹಾಗಾದರೆ ಡಬ್ಬಿಯೂ ಸುಳ್ಳಲ್ಲ, ಮೀಟರೂ ಸುಳ್ಳಲ್ಲ. ಎರಡು ನಿಜ ಸೇರಿ ಒಬ್ಬನನ್ನು ಮುಳುಗಿಸುತ್ತಿದ್ದವು. ಡಬ್ಬಿಗೂ ಅಷ್ಟನ್ನೇ ಕಳೆಯಲು ಹೇಳುವುದು ಭಾಯ್‌ಗೆ ಒಂದು ಸಾಲಿನ ಕೆಲಸ. ಎಷ್ಟು ಕಳೆಯಬೇಕು ಎನ್ನುವುದು ಮಾತ್ರ ಕರಾರುವಾಕ್ಕಾಗಿ ಬೇಕು. ಮೀಟರಿನ ಎರಡು ಗುಂಡಿ ಒಟ್ಟಿಗೆ ಒತ್ತಿದರೆ ಆ ಅಂಕಿ ಮುಖದ ಮೇಲೆ ಬರುತ್ತದೆ. ಒತ್ತಿದೆವು. ಬಂತು. ಸೊನ್ನೆ, ಚುಕ್ಕೆ, ಆಮೇಲೆ ಗೀಟು ಹಾರಿದ ಒಂದು ಆಕಾರ. ಭಾಯ್ ಎಂಟು ಅಂದರು, ನಾನು ಒಂಬತ್ತು ಅಂದೆ, ಬೀಗರು ಕನ್ನಡಕ ಒರೆಸಿಕೊಂಡು ನೋಡಿ ತಿಳಿಯೂದಿಲ್ಲ ಅಂದರು. ಅಂದಾಜಿನ ಮೇಲೆ ಅಳಿಯನನ್ನು ಕಳಿಸಲು ನಾನು ತಯಾರಿರಲಿಲ್ಲ. ಇನ್ನೊಮ್ಮೆ ಕೆರೆಗೆ ಹೋಗಬೇಕು, ಹಗ್ಗಕ್ಕೆ ಗೇಣಿಗಿಂತ ಹತ್ತಿರ ಹತ್ತಿರ ಗಂಟು ಹಾಕಬೇಕು, ಹಳೆಯ ಮೀಟರಿನ ಅಂಕಿಯನ್ನು ಬೀಗರು ಟವಲು ತೆಗೆದು ಬಾಯಿಬಿಟ್ಟು ಓದಬೇಕು. ಅವರು ಹೂಂ ಅಂದರು.

ಮೆಟ್ಟಿಲಿಳಿಯುವಾಗ ಬೀಗರು ನಿಂತರು. ಗುರುತಿನ ಅಂಕಿ ಬೇಕಾದರೆ ಹೇಳುತ್ತೇನೆ, ನೀವು ಬೇರೆಯವರಲ್ಲ ಎಂದರು. ಸೋತ ಮುಖ. ನನಗೆ ಅದನ್ನು ನೋಡಿ ಕನಿಕರವೇನೂ ಬರಲಿಲ್ಲ.

"ನನಗೆ ಬ್ಯಾಡ್ರಿ. ನಾನು ಹಲಸೂರಾಗ ಕೂತು ಆ ಅಂಕಿ ಏನ್ ಮಾಡ್ಲಿ? ನಿಮ್ಮ ಸೊಸಿಗೆ ಹೇಳ್ರಿ. ಈಗಲೇ."

ಫೋನು ಹಚ್ಚಿ ಅವರ ಕೈಗೆ ಕೊಟ್ಟೆ. ಅತ್ತ ಮಗಳು ಅವ್ವಾ ಎಂದಳು, ಇತ್ತ ಮಾವ ನಾನು ಎಂದರು. ಮದುವೆಯಾದ ಮೇಲೆ ಅವರಿಬ್ಬರೂ ನೇರವಾಗಿ ಮಾತಾಡಿದ್ದು ಅದೇ ಮೊದಲಂತೆ. ಬೀಗರು ಫೋನು ಹಿಡಿದು ಮೆಟ್ಟಿಲಿನ ಕೆಳಗೆ ಹೋಗಿ, ಬೀದಿಯ ಕಡೆ ಬೆನ್ನು ಮಾಡಿ, ಬಾಯಿಗೆ ಕೈ ಅಡ್ಡ ಇಟ್ಟು ಹೇಳಿದರು. ಬಹಳ ಹೊತ್ತೇನೂ ಹಿಡಿಯಲಿಲ್ಲ. ಆ ಅಂಕಿ ಎಷ್ಟು ಅಂತ ನನಗೆ ಇವತ್ತಿಗೂ ಗೊತ್ತಿಲ್ಲ. ಮಗಳಿಗೆ ಗೊತ್ತು.

ಆ ದೋಣಿ ಈಗಲೂ ಹೋಗಿ ಬರುತ್ತದೆ. ಡಬ್ಬಿಯ ಮುಚ್ಚಳದ ರಬ್ಬರು ಒಮ್ಮೆ ಬದಲಾಗಿದೆ, ಅದನ್ನು ಮಗಳೇ ಹಾಕಿದಳು. ಅಳಿವೆಯ ಹತ್ತಿರ ಬಂದಾಗ ಅಳಿಯ ಮೊಬೈಲಿನ ಅಂಕಿಯನ್ನು ದೋಣಿಯವರಿಗೆಲ್ಲ ಕೇಳುವ ಹಾಗೆ ಕೂಗುತ್ತಾನಂತೆ. ಗುರುತು ಇನ್ನೂ ಕೆಟ್ಟಿಲ್ಲ. ಇಂದಿರಾನಗರದ ಆಫೀಸು ಮೇಲಿನ ಮಹಡಿಯಿಂದ ಇನ್ನೂ ಮೇಲಿನ ಮಹಡಿಗೆ ಹೋಗಿದೆ. ಅಲ್ಲಿಂದಲಾದರೂ ಅವನಿಗೆ ಸಮುದ್ರ ಕಾಣುತ್ತದೋ ಏನೋ. ಆಷಾಢಕ್ಕೆ ಮಗಳನ್ನು ಇವತ್ತಿನವರೆಗೆ ಕಳಿಸಿಲ್ಲ, ಆ ಸಿಟ್ಟು ಹಾಗೇ ಇದೆ.

ಅವತ್ತು ಮಗಳಿಗೆ ಫೋನು ಹಚ್ಚಿದ ಮರುದಿನ ಬೆಳಗಾಗುತ್ತಲೇ ನಾನು ಸೀರೆಯ ನೆರಿಗೆ ಎತ್ತಿ ಸಿಕ್ಕಿಸಿಕೊಂಡು, ತೆಪ್ಪದವನ ಕೈ ಹಿಡಿದು, ಭಾಯ್ ಮತ್ತು ಬೀಗರ ನಡುವೆ ಕೆರೆಯ ಮೇಲೆ ಹೋಗಿ ಕೂತೆ. ಬೀಗರ ತೊಡೆಯ ಮೇಲಿನ ಟವಲು ತೆಗೆದು ನನ್ನ ಹೆಗಲಿಗೆ ಹಾಕಿಕೊಂಡೆ. ಆಮೇಲೆ ಕಲ್ಲು ಕಟ್ಟಿದ ಹಗ್ಗವನ್ನು ನಾನೇ ನೀರಿಗೆ ಬಿಟ್ಟು, "ಓದ್ರಿ" ಎಂದೆ.